ಹಿಂಚಕ್ರಕ್ಕೆ ಸ್ಪ್ರಿಂಗ್ ಬಂದ ಕಥೆ



ಮೊದಲ ಬೈಕು ಕೊಂಡ ಹೊಸತರಲ್ಲಿ ನಿಮ್ಮಲ್ಲಿ ಅನೇಕರು ಹೇಳುವ ದೂರು ಒಂದೇ: "ಹಿಂದುಗಡೆ ಬಹಳ ಗಡುಸು, ಸಣ್ಣ ಗುಂಡಿ ಸಿಕ್ಕರೂ ಎತ್ತಿ ಹಾಕುತ್ತೆ." ಇಲ್ಲಿ ಬರ್ಮಿಂಗ್‌ಹ್ಯಾಮಿನ ರಸ್ತೆಯಾದರೂ ಅಷ್ಟೇ, ರಜೆಗೆ ಹೋದಾಗ ಮೈಸೂರಿನಲ್ಲಿ ಚಿಕ್ಕಪ್ಪನ ಹಳೇ ಯೆಜ್ಡಿ ಹತ್ತಿದರೂ ಅಷ್ಟೇ. ಇದಕ್ಕೆ ಪರಿಹಾರ ಬಹಳ ಸಲ ಹತ್ತು ನಿಮಿಷದ ಕೆಲಸ. ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ. ಅದನ್ನು ಒಂದೆರಡು ಮೆಟ್ಟಿಲು ಹಿಂದಕ್ಕೆ ತಿರುಗಿಸಿದರೆ ಆಯಿತು.

ಆದರೆ ಆ ಬಳೆ ಅಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಆ ಕಥೆಯ ದೊಡ್ಡ ಪಾಲು ನಡೆದದ್ದು ನಾವು ಈಗ ಬದುಕುತ್ತಿರುವ ಈ ಇಂಗ್ಲೆಂಡಿನಲ್ಲಿ, ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲಿ. ಕಥೆ ಗೊತ್ತಾದರೆ ಬಳೆಯನ್ನು ಯಾವಾಗ, ಎಷ್ಟು, ಯಾರಿಗಾಗಿ ತಿರುಗಿಸಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಸ್ಪ್ರಿಂಗೇ ಇಲ್ಲದ ಕಾಲ

ಮೊದಮೊದಲ ಮೋಟಾರ್ ಸೈಕಲ್ಲುಗಳು ಹೆಸರಿಗೆ ತಕ್ಕ ಹಾಗೆ ಮೋಟಾರು ಕೂರಿಸಿದ ಸೈಕಲ್ಲುಗಳೇ. ಸೈಕಲ್ಲಿನಲ್ಲಿ ಹೇಗೋ ಹಾಗೆ ಹಿಂಚಕ್ರವನ್ನು ನೇರವಾಗಿ ಫ್ರೇಮಿಗೆ ಬಿಗಿಯುತ್ತಿದ್ದರು. ಚಕ್ರ ಕಲ್ಲು ಹತ್ತಿದರೆ ಇಡೀ ಗಾಡಿ ಕಲ್ಲು ಹತ್ತುತ್ತಿತ್ತು. ಮುಂದಿನ ಚಕ್ರಕ್ಕೆ ಸ್ಪ್ರಿಂಗು ಬೇಗ ಬಂತು. ಹಿಂದಿನದಕ್ಕೆ ಬರಲಿಲ್ಲ. ಸವಾರನ ಸೀಟಿನ ಕೆಳಗೆ ಎರಡು ದಪ್ಪ ಸ್ಪ್ರಿಂಗು ಹಾಕಿ, ಅಷ್ಟು ಸಾಕು ಎಂದುಕೊಂಡರು.

ಯಾಕೆ ಹಾಗೆ? ಒಂದು ಕಾರಣ ಚೇನು. ಎಂಜಿನ್ನಿನ ಶಕ್ತಿ ಹಿಂಚಕ್ರಕ್ಕೆ ಹೋಗುವುದು ಚೇನಿನ ಮೂಲಕ. ಚಕ್ರ ಮೇಲೆ ಕೆಳಗೆ ಆಡಿದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಅಂತರ ಬದಲಾಗಿ ಚೇನು ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ಇನ್ನೊಂದು ಕಾರಣ ಕೀಲು. ಚಕ್ರ ಆಡಬೇಕಾದರೆ ಎಲ್ಲೋ ಒಂದು ಕೀಲು ಬೇಕು. ಕೀಲು ಸವೆದರೆ ಚಕ್ರ ಅಕ್ಕಪಕ್ಕಕ್ಕೂ ಅಲುಗುತ್ತದೆ, ತಿರುವಿನಲ್ಲಿ ಗಾಡಿ ಬಳುಕುತ್ತದೆ. ಹೀಗಾಗಿ ಸವಾರರಲ್ಲಿ ಒಂದು ನಂಬಿಕೆ ಬೇರೂರಿತು: ಗಡುಸಾದ ಗಾಡಿಯೇ ಭದ್ರ, ಮೆತ್ತಗಿನದು ಅಪಾಯ.

ಇದನ್ನು ಒಪ್ಪದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲೇ ಎಲೆಯಂಥ ಪಟ್ಟಿ ಸ್ಪ್ರಿಂಗುಗಳ ಮೇಲೆ ಹಿಂಚಕ್ರವನ್ನು ಕೂರಿಸಿತ್ತು. ಇಂಗ್ಲೆಂಡಿನಲ್ಲಿ ಫಿಲಿಪ್ ವಿನ್ಸೆಂಟ್ ಎಂಬ ತರುಣ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಹಿಂಚಕ್ರದ ಸ್ಪ್ರಿಂಗಿಗೆ ತಲೆ ಕೆಡಿಸಿಕೊಂಡು, 1928ರಲ್ಲಿ ಪೇಟೆಂಟ್ ಪಡೆದು, ಸ್ವಂತ ಕಂಪನಿಯನ್ನೇ ಆರಂಭಿಸಿದ. ಇಟಲಿಯ ಮೋಟೋ ಗುಝ್ಜಿ ಕಂಪನಿಯ ಕಾರ್ಲೋ ಗುಝ್ಜಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜುಸೆಪ್ಪೆ, ಹಿಂದುಗಡೆ ಸ್ಪ್ರಿಂಗಿದ್ದ ಬೈಕನ್ನು ಅದೇ 1928ರಲ್ಲಿ ನಾರ್ವೆಯ ಉತ್ತರದ ತುದಿಯ ತನಕ ಓಡಿಸಿಕೊಂಡು ಹೋಗಿ ಬಂದ. ಗಾಡಿ ಮುರಿಯಲಿಲ್ಲ. ಆದರೂ ಜನರ ಸಂಶಯ ಹೋಗಲಿಲ್ಲ.

ಈ ಇಡೀ ವಾದದಲ್ಲಿ ಒಬ್ಬರ ಮಾತು ಮಾತ್ರ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ: ಹಿಂದೆ ಕೂತವರದು. ಸವಾರನಿಗೆ ಸ್ಪ್ರಿಂಗಿನ ಸೀಟಾದರೂ ಇತ್ತು. ಹಿಂದೆ ಕೂರುವವರಿಗೆ ಮಡ್‌ಗಾರ್ಡಿನ ಮೇಲಿನ ಕ್ಯಾರಿಯರ್ ಮತ್ತು ಒಂದು ದಿಂಬು, ಅಷ್ಟೇ. 1920ರ ದಶಕದ ಇಂಗ್ಲೆಂಡಿನಲ್ಲಿ ಆ ಕ್ಯಾರಿಯರಿಗೆ "ಫ್ಲ್ಯಾಪರ್ ಬ್ರ್ಯಾಕೆಟ್" ಎಂಬ ಅಡ್ಡಹೆಸರಿತ್ತು. ಹೊಸ ಫ್ಯಾಷನ್ನಿನ ಹುಡುಗಿಯರನ್ನು ಆಗ ಫ್ಲ್ಯಾಪರ್ ಎನ್ನುತ್ತಿದ್ದರು. ಹುಡುಗಿ ಕೂರುವುದು ನೇರ ಹಿಂಚಕ್ರದ ಮೇಲೆ, ನಡುವೆ ಸ್ಪ್ರಿಂಗಿಲ್ಲ. ಗುಂಡಿ ಬರುವುದು ಸವಾರನಿಗೆ ಮೊದಲೇ ಕಾಣುತ್ತದೆ, ಅವನು ಕಾಲೂರಿ ಸ್ವಲ್ಪ ಎದ್ದು ನಿಲ್ಲುತ್ತಾನೆ. ಹಿಂದಿರುವವಳಿಗೆ ಕಾಣುವುದು ಅವನ ಬೆನ್ನು. ಹೊಡೆತ ಪೂರ್ತಿ ಅವಳ ಪಾಲಿಗೆ.

ನಾಲ್ಕು ಸೆಕೆಂಡು

ನಂಬಿಕೆ ಬದಲಾಗಿದ್ದು ರೇಸಿನಲ್ಲಿ. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ಅಲ್ಲಿನ ಟಿಟಿ ರೇಸು ನಡೆಯುವುದು ಟ್ರ್ಯಾಕಿನಲ್ಲಲ್ಲ, ಊರು, ಗುಡ್ಡ, ಸೇತುವೆ ಹಾದು ಹೋಗುವ ಸಾಮಾನ್ಯ ರಸ್ತೆಯಲ್ಲಿ. ಸವಾರರು ಒಟ್ಟಿಗೆ ಹೊರಡುವುದಿಲ್ಲ. ಒಬ್ಬರ ಹಿಂದೆ ಒಬ್ಬರನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಕಳಿಸುತ್ತಾರೆ, ಕೊನೆಗೆ ಗಡಿಯಾರ ನೋಡಿ ಗೆದ್ದವರನ್ನು ಹೇಳುತ್ತಾರೆ.

1935ರ ಸೀನಿಯರ್ ಟಿಟಿಯಲ್ಲಿ ಜಿಮ್ಮಿ ಗತ್ರಿ ಬರ್ಮಿಂಗ್‌ಹ್ಯಾಮಿನ ನಾರ್ಟನ್ ಓಡಿಸುತ್ತಿದ್ದ. ಅದರ ಹಿಂಚಕ್ರಕ್ಕೆ ಸ್ಪ್ರಿಂಗಿಲ್ಲ. ಡಬ್ಲಿನ್ನಿನ ಸ್ಟ್ಯಾನ್ಲಿ ವುಡ್ಸ್ ಓಡಿಸುತ್ತಿದ್ದುದು ಮೋಟೋ ಗುಝ್ಜಿ. ಅದಕ್ಕೆ ಇತ್ತು. ಕೊನೆಯ ಸುತ್ತು ಶುರುವಾಗುವಾಗ ಗತ್ರಿ 26 ಸೆಕೆಂಡು ಮುಂದಿದ್ದ. ವುಡ್ಸ್ ಪೆಟ್ರೋಲಿಗೆ ನಿಲ್ಲುತ್ತಾನೆ ಎಂದು ಎಲ್ಲರೂ ಕಾದಿದ್ದರು. ಅವನು ನಿಲ್ಲದೆ ಹೋಗಿಬಿಟ್ಟ. ಮೊದಲೇ ಹೊರಟಿದ್ದ ಗತ್ರಿ ಮೊದಲು ಬಂದು ಮುಟ್ಟಿದ. ಜನ ಅವನೇ ಗೆದ್ದನೆಂದು ಅಭಿನಂದಿಸಿದ್ದೂ ಆಯಿತು. ಆಮೇಲೆ ವುಡ್ಸ್ ಬಂದ. ಲೆಕ್ಕ ಹಾಕಿದರೆ ನಾಲ್ಕು ಸೆಕೆಂಡಿನಿಂದ ಅವನೇ ಗೆದ್ದಿದ್ದ. ಅದೇ ವಾರ ಚಿಕ್ಕ ಎಂಜಿನ್ನುಗಳ ಲೈಟ್‌ವೇಟ್ ರೇಸನ್ನೂ ಅವನು ಸ್ಪ್ರಿಂಗಿದ್ದ ಗುಝ್ಜಿಯಲ್ಲೇ ಗೆದ್ದಿದ್ದ.

ಸ್ಪ್ರಿಂಗೊಂದೇ ಗೆಲ್ಲಿಸಿತು ಎಂದರೆ ಹೆಚ್ಚಾದೀತು. ಎಂಜಿನ್ನಿತ್ತು, ಪೆಟ್ರೋಲ್ ಉಳಿಸುವ ಜಾಣ್ಮೆಯಿತ್ತು, ವುಡ್ಸ್‌ನ ಎದೆಗಾರಿಕೆಯಿತ್ತು. ಆದರೆ "ಮೆತ್ತಗಿನ ಗಾಡಿ ವೇಗಕ್ಕೆ ಆಗುವುದಿಲ್ಲ" ಎಂಬ ಮಾತು ಅಂದಿಗೆ ಮುಗಿಯಿತು. ಕಾರಣ ಸರಳ. ನೆಲದಿಂದ ಎದ್ದ ಚಕ್ರಕ್ಕೆ ಹಿಡಿತವಿಲ್ಲ, ಬ್ರೇಕೂ ಇಲ್ಲ, ಎಳೆತವೂ ಇಲ್ಲ. ಸ್ಪ್ರಿಂಗಿದ್ದ ಚಕ್ರ ಉಬ್ಬು ತಗ್ಗಿನ ಜೊತೆ ತಾನೂ ಏರಿ ಇಳಿದು ನೆಲವನ್ನು ಬಿಡದೆ ಹಿಡಿಯುತ್ತದೆ. ಆರಾಮಕ್ಕೆ ಬೇಕಾದದ್ದು ಮತ್ತು ಭದ್ರತೆಗೆ ಬೇಕಾದದ್ದು ಬೇರೆಬೇರೆ ಎಂದು ಜನ ಅಲ್ಲಿಯವರೆಗೆ ತಿಳಿದಿದ್ದರು. ಎರಡಕ್ಕೂ ಬೇಕಾದದ್ದು ಒಂದೇ ಆಗಿತ್ತು.

ಮರುವರ್ಷ ನಾರ್ಟನ್ ತನ್ನ ರೇಸ್ ಬೈಕುಗಳಿಗೂ ಹಿಂದೆ ಸ್ಪ್ರಿಂಗು ಹಾಕಿತು.

ಪ್ಲಂಜರಿನಿಂದ ಸ್ವಿಂಗ್ ಆರ್ಮಿಗೆ

ನಾರ್ಟನ್ ಹಾಕಿದ್ದು ಪ್ಲಂಜರ್ ಎಂಬ ವಿಧಾನ. ಚಕ್ರದ ಎರಡೂ ಬದಿಗೆ ನೆಟ್ಟಗೆ ನಿಂತ ಒಂದೊಂದು ಕೊಳವೆ, ಅದರಲ್ಲಿ ಸ್ಪ್ರಿಂಗು. ಚಕ್ರದ ಆಕ್ಸಲ್ ಆ ಕೊಳವೆಯ ಉದ್ದಕ್ಕೆ ಮೇಲೆ ಕೆಳಗೆ ಜಾರುತ್ತದೆ. ಜರ್ಮನಿಯ ಬಿಎಂಡಬ್ಲ್ಯು 1938ರಲ್ಲಿ ತನ್ನ ಆರ್51 ಬೈಕಿಗೆ ಇದನ್ನೇ ಹಾಕಿತು. ಹಳೆಯ ಫ್ರೇಮಿಗೆ ಸುಲಭವಾಗಿ ಜೋಡಿಸಬಹುದು ಎಂಬುದು ಇದರ ಲಾಭ. ಆದರೆ ಚಕ್ರ ಆಡುವ ಜಾಗ ಕಡಿಮೆ, ಚೇನಿನ ತೊಂದರೆ ಹಾಗೇ ಉಳಿಯುತ್ತದೆ, ಒಂದು ಬದಿಯ ಕೊಳವೆ ಹೆಚ್ಚು ಸವೆದರೆ ಚಕ್ರ ವಾಲುತ್ತದೆ.

ಟ್ರಯಂಫ್ ಕಂಪನಿ ಇನ್ನೂ ವಿಚಿತ್ರವಾದ ದಾರಿ ಹಿಡಿಯಿತು. ಫ್ರೇಮನ್ನು ಮುಟ್ಟದೆ, ಚಕ್ರದ ನಡುವಿನ ಹಬ್‌ನ ಒಳಗೇ ಸ್ಪ್ರಿಂಗುಗಳನ್ನು ಅದುಮಿ ತುಂಬಿತು. ಯುದ್ಧದ ನಂತರ ಕೆಲವು ವರ್ಷ ಇದು ನಡೆಯಿತು. ತಿಳಿಯದವರು ಆ ಹಬ್ಬನ್ನು ಬಿಚ್ಚಿದರೆ ಸ್ಪ್ರಿಂಗು ಸಿಡಿದು ಕೈಯೋ ಮುಖವೋ ಹೋಗುವ ಅಪಾಯವಿತ್ತು. ಹಾಗಾಗಿ ಬಿಚ್ಚಬೇಡಿ ಎಂಬ ಎಚ್ಚರಿಕೆಯನ್ನು ಹಬ್ಬಿನ ಮೇಲೆಯೇ ಹಾಕಿದ್ದರು.

ಕೊನೆಗೆ ನಿಂತದ್ದು ಸ್ವಿಂಗ್ ಆರ್ಮ್. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ, ಎಂಜಿನ್ನಿನ ಹಿಂದೆ ಇರುವ ಒಂದು ಕೀಲಿನ ಮೇಲೆ ಎರಡು ಕೈಗಳ ಕವೆಯೊಂದು ಏರಿಳಿಯುತ್ತದೆ. ಚಕ್ರ ಆ ಕವೆಯ ತುದಿಯಲ್ಲಿ. ಕೀಲು ಗೇರ್‌ಬಾಕ್ಸಿನ ಹತ್ತಿರವೇ ಇರುವುದರಿಂದ ಚೇನಿನ ಬಿಗಿತ ಹೆಚ್ಚು ಬದಲಾಗುವುದಿಲ್ಲ. ಬರ್ಮಿಂಗ್‌ಹ್ಯಾಮಿನ ವೆಲೋಸೆಟ್ ಕಂಪನಿ ಇದನ್ನು 1936ರಲ್ಲೇ ರೇಸಿಗೆ ತಂದಿತ್ತು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ನಾರ್ಟನ್ನಿಗಾಗಿ ರೂಪಿಸಿದ ಹೊಸ ಫ್ರೇಮು 1950ರಲ್ಲಿ ಬಂದಾಗ, ಅದನ್ನು ಓಡಿಸಿ ನೋಡಿದ ರೇಸರ್ ಹೆರಾಲ್ಡ್ ಡೇನಿಯಲ್ ಗರಿಯ ಹಾಸಿಗೆಯ ಮೇಲೆ ಕೂತ ಹಾಗಿದೆ ಎಂದನಂತೆ. ಅಂದಿನಿಂದ ಅದರ ಹೆಸರೇ ಫೆದರ್‌ಬೆಡ್. ಆ ವರ್ಷದ ಟಿಟಿಯಲ್ಲಿ ಸೀನಿಯರ್, ಜೂನಿಯರ್ ಎರಡರಲ್ಲೂ ಮೊದಲ ಮೂರು ಸ್ಥಾನ ನಾರ್ಟನ್ನಿನದೇ. ಗಾದಿಯಂಥ ಬೈಕು ಎಲ್ಲರಿಗಿಂತ ವೇಗವಾಗಿ ಓಡಿತ್ತು.

ಇಲ್ಲಿ ಇನ್ನೊಂದು ಭಾಗದ ಹೆಸರು ಹೇಳಬೇಕು: ಡ್ಯಾಂಪರ್. ಬರೀ ಸ್ಪ್ರಿಂಗು ಜೋಕಾಲಿಯ ಹಾಗೆ. ಒಮ್ಮೆ ತಳ್ಳಿದರೆ ಆಡುತ್ತಲೇ ಇರುತ್ತದೆ. ಅದನ್ನು ತಡೆಯಲು ಸ್ಪ್ರಿಂಗಿನ ನಡುವೆ ಎಣ್ಣೆ ತುಂಬಿದ ಕೊಳವೆ ಇಡುತ್ತಾರೆ. ಒಳಗಿನ ಪಿಸ್ಟನ್ನು ಆಡಬೇಕಾದರೆ ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗಬೇಕು. ಕುಣಿತದ ಶಕ್ತಿ ಅಲ್ಲಿ ಶಾಖವಾಗಿ ಕರಗುತ್ತದೆ. ಸ್ಪ್ರಿಂಗು ಭಾರ ಹೊರುತ್ತದೆ, ಡ್ಯಾಂಪರ್ ಕುಣಿತ ನಿಲ್ಲಿಸುತ್ತದೆ. ಎರಡರ ಕೆಲಸ ಬೇರೆ ಎಂಬುದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ ರೆಡಿಚ್ ಎಂಬ ಊರಿದೆ, ನಿಮ್ಮಲ್ಲಿ ಕೆಲವರು ಅಲ್ಲೇ ಇದ್ದೀರಿ. ರಾಯಲ್ ಎನ್‌ಫೀಲ್ಡ್‌ನ ಊರು ಅದು. 1948ರಲ್ಲಿ ಅವರು ಸ್ವಿಂಗ್ ಆರ್ಮ್ ಇದ್ದ ಬುಲೆಟ್ಟನ್ನು ಕೆಸರು, ಕಲ್ಲಿನ ಟ್ರಯಲ್ಸ್ ಸ್ಪರ್ಧೆಗಳಿಗೆ ಇಳಿಸಿದಾಗ ಹಳಬರು ಒಪ್ಪಲಿಲ್ಲ. ಕೆಸರಿನಲ್ಲಿ ಹಿಡಿತ ಬೇಕಾದರೆ ಹಿಂದುಗಡೆ ಗಡುಸಾಗಿಯೇ ಇರಬೇಕು ಎಂಬುದು ಅವರ ಗಟ್ಟಿ ಅಭಿಪ್ರಾಯ. 1952ರಲ್ಲಿ ಜಾನಿ ಬ್ರಿಟನ್ ಬುಲೆಟ್ ಏರಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದ. ಆ ಹೊತ್ತಿಗೇ ಭಾರತದ ಸೇನೆ ಗಡಿಯ ಕೆಲಸಕ್ಕೆ ಇದೇ ಬುಲೆಟ್ಟನ್ನು ಆರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ರೆಡಿಚ್‌ನ ಕಾರ್ಖಾನೆ ಮುಚ್ಚಿ ದಶಕಗಳೇ ಆದವು. ಮದ್ರಾಸಿನ ಬುಲೆಟ್ ಇವತ್ತಿಗೂ ಬರುತ್ತಿದೆ.

ಮೈಸೂರಿನ ಅಧ್ಯಾಯ

ನಮ್ಮೂರಿನ ಕಥೆ ಬರುವುದು ಪ್ರಾಗ್ ಕಡೆಯಿಂದ. ಜೆಕ್ ದೇಶದ ಜಾವಾ ಕಂಪನಿ 1946ರಲ್ಲಿ ಪ್ಲಂಜರ್ ಇದ್ದ 250 ಸಿಸಿ ಬೈಕನ್ನು ಹೊರತಂದಿತು. ಅದನ್ನು ಜನ ಕರೆದದ್ದು ಪೇರಾಕ್ ಎಂದು. ಯುದ್ಧಕಾಲದಲ್ಲಿ ಪ್ರಾಗ್‌ನ ಬೀದಿಗಳಲ್ಲಿ ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಮನೆಗಳ ಮೇಲೆ ಹಾರುತ್ತಿದ್ದನೆಂದು ಕಥೆ ಕಟ್ಟಿದ್ದ ಒಬ್ಬ ಮಾಯಾವಿ ಮನುಷ್ಯನ ಹೆಸರದು. ಹಿಂಚಕ್ರಕ್ಕೆ ಸ್ಪ್ರಿಂಗಿರುವುದು ಆಗ ಅಷ್ಟು ದೊಡ್ಡ ಸುದ್ದಿ. 1954ರಲ್ಲಿ ಜಾವಾದ ಮುಂದಿನ 250 ಬಂತು, ಇದಕ್ಕೆ ಸ್ವಿಂಗ್ ಆರ್ಮ್. ಜೆಕ್ ಜನ ಇದಕ್ಕೂ ತೂಗಾಡುವುದು ಎಂಬ ಅರ್ಥದ ಹೆಸರಿಟ್ಟರು.

ಮುಂಬೈಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ಇರಾನಿ ಮನೆತನಕ್ಕೆ 1950ರ ದಶಕದ ಆಮದು ನಿರ್ಬಂಧದಿಂದ ವ್ಯಾಪಾರ ಕಷ್ಟವಾಯಿತು. ತರಿಸುವ ಬದಲು ಇಲ್ಲೇ ಮಾಡೋಣ ಎಂದು ಹೊರಟು ಫಾರೂಖ್ ಇರಾನಿ ಆರಿಸಿಕೊಂಡ ಊರು ಮೈಸೂರು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬಂದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಬೈಕುಗಳು ಯೆಜ್ಡಿ ಎಂಬ ಹೆಸರು ತೊಟ್ಟವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಿಮ್ಮ ತಾತನೋ ದೊಡ್ಡಪ್ಪನೋ ಅಲ್ಲಿ ದುಡಿದವರಾಗಿದ್ದರೆ ಆ ನೆನಪುಗಳನ್ನು ಕೇಳಿ ಇಟ್ಟುಕೊಳ್ಳಿ.

ಯೂರೋಪಿನಲ್ಲಿ ಆ ಹೊತ್ತಿಗೆ ಸಂಸಾರಸ್ಥರು ಕಾರಿನ ಕಡೆ ಹೊರಳಿದ್ದರು, ಬೈಕು ಹೆಚ್ಚಾಗಿ ಒಬ್ಬರ ಗಾಡಿಯಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಟ್ಯಾಂಕಿನ ಮೇಲೆ ಮಗು, ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು ಕೂತ ತಾಯಿ, ಅವರ ಮಡಿಲಲ್ಲಿ ಇನ್ನೊಂದು ಮಗುವೋ ಮಾರ್ಕೆಟ್ಟಿನ ಚೀಲವೋ. ಅಪ್ಪ ಅಮ್ಮನ ಹಳೆಯ ಫೋಟೋಗಳಲ್ಲಿ ಈ ದೃಶ್ಯ ನಿಮಗೆ ಸಿಕ್ಕೀತು. ಇಷ್ಟು ಭಾರ ಹೊರುವ ಗಾಡಿಯ ಸ್ಪ್ರಿಂಗನ್ನು ಕೊನೆಯ ಮೆಟ್ಟಿಲಿಗೆ ಏರಿಸಿ ಗಡುಸು ಮಾಡದಿದ್ದರೆ ಮಡ್‌ಗಾರ್ಡು ಚಕ್ರಕ್ಕೆ ಉಜ್ಜುತ್ತಿತ್ತು. ಭಾರತದ 1989ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದೆ ಕೂರುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಅಡ್ಡಿ ಇರಬೇಕು ಎಂದು ಬರೆದಿದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಸ್ಪ್ರಿಂಗು ಎಷ್ಟು ಬಿಗಿ ಇರಬೇಕು ಎಂಬುದು ಮಾತ್ರ ಓಡಿಸುವವರ ವಿವೇಚನೆಗೆ ಬಿಟ್ಟದ್ದು.

ಚಿಕ್ಕಪ್ಪನ ಯೆಜ್ಡಿ ನಿಮ್ಮನ್ನು ಎತ್ತಿ ಹಾಕುವುದು ಇದಕ್ಕೇ. ಆ ಗಾಡಿ ಕೆಟ್ಟಿರಬೇಕಾಗಿಲ್ಲ. ಮೂರು ಜನರ ಭಾರಕ್ಕೆ ಹೊಂದಿಸಿದ ಸ್ಪ್ರಿಂಗಿನ ಮೇಲೆ ನೀವೊಬ್ಬರೇ ಕೂತಿದ್ದೀರಿ.

ಯಾರ ಭಾರಕ್ಕೆ?

ಸ್ಪ್ರಿಂಗು ಬಂದ ಮೇಲೆ ಎದ್ದ ಹೊಸ ಪ್ರಶ್ನೆ ಇದು. ವೆಲೋಸೆಟ್ ಕೊಟ್ಟ ಉತ್ತರ ಬಹಳ ಚೆಂದ. 1950ರ ದಶಕದ ಅವರ ಬೈಕುಗಳಲ್ಲಿ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಬಿಲ್ಲಿನಂತೆ ಬಾಗಿದ ಒಂದು ಗಾಡಿಯಲ್ಲಿ, ಅಂದರೆ ಉದ್ದನೆಯ ಸೀಳಿನಲ್ಲಿ ಜಾರುತ್ತಿತ್ತು. ಒಬ್ಬರೇ ಇದ್ದರೆ ಮುಂದಕ್ಕೆ ವಾಲಿಸಿ ಬಿಗಿಯಬೇಕು, ಇಬ್ಬರಿದ್ದರೆ ನೆಟ್ಟಗೆ ನಿಲ್ಲಿಸಬೇಕು. ಕೋನ ಬದಲಾದರೆ ಸ್ಪ್ರಿಂಗಿನ ಮೇಲಿನ ಹಿಡಿತ ಬದಲಾಗಿ ಅದೇ ಸ್ಪ್ರಿಂಗು ಮೆತ್ತಗೂ ಆಗುತ್ತದೆ, ಗಡುಸೂ ಆಗುತ್ತದೆ. ಉಳಿದ ಕಂಪನಿಗಳು ಹಿಡಿದದ್ದು ಅಗ್ಗದ ದಾರಿ, ಮೆಟ್ಟಿಲಿನ ಬಳೆ. ಇವತ್ತಿಗೂ ಹೆಚ್ಚಿನ ಬೈಕುಗಳಲ್ಲಿ ಇರುವುದು ಅದೇ.

ಬಳೆ ಮಾಡುವುದೇನು? ಒಂದು ಲೆಕ್ಕ ನೋಡಿ. ಒಂದು ಮಿ.ಮೀ. ಅದುಮಲು 2 ಕಿಲೋ ಭಾರ ಬೇಕಾಗುವ ಸ್ಪ್ರಿಂಗು ಎಂದುಕೊಳ್ಳಿ. ಎರಡು ಬದಿ ಸೇರಿ 4 ಕಿಲೋ. ಹಿಂಚಕ್ರದ ಮೇಲೆ 60 ಕಿಲೋ ಹೆಚ್ಚು ಬಿದ್ದರೆ ಗಾಡಿ 15 ಮಿ.ಮೀ. ಕುಸಿಯುತ್ತದೆ. ಬಳೆಯನ್ನು ಏರಿಸಿ ಸ್ಪ್ರಿಂಗನ್ನು ಮೊದಲೇ 15 ಮಿ.ಮೀ. ಅದುಮಿಟ್ಟರೆ ಗಾಡಿ ಮತ್ತೆ ಹಳೆಯ ಎತ್ತರಕ್ಕೆ ಬರುತ್ತದೆ. ಇದಕ್ಕೆ ಪ್ರೀಲೋಡ್ ಎನ್ನುತ್ತಾರೆ. ಗಮನಿಸಿ, ಪ್ರತಿ ಮಿ.ಮೀ.ಗೆ ಬೇಕಾದ ಭಾರ ಈಗಲೂ ಅದೇ 4 ಕಿಲೋ. ಸ್ಪ್ರಿಂಗಿನ ಗುಣ ಬದಲಾಗಲಿಲ್ಲ. ಆದರೆ ಹೊರೆ ಇಳಿಸಿದ ಮೇಲೆ ಬಳೆಯನ್ನು ಇಳಿಸದಿದ್ದರೆ ನೀವೊಬ್ಬರೇ ಕೂತಾಗ ಸ್ಪ್ರಿಂಗು ಕುಸಿಯುವುದೇ ಇಲ್ಲ. ಸಣ್ಣ ಹೊಡೆತಕ್ಕೆ ಅದು ಕದಲುವುದಿಲ್ಲ, ಗುಂಡಿ ಬಂದರೆ ಚಕ್ರ ಕೆಳಗಿಳಿಯಲು ಜಾಗವೂ ಇರುವುದಿಲ್ಲ. 1920ರ ಸ್ಪ್ರಿಂಗಿಲ್ಲದ ಗಾಡಿಯ ಹತ್ತಿರ ಹತ್ತಿರಕ್ಕೆ ನೀವು ಹೋಗಿರುತ್ತೀರಿ.

ಈಗ ನಿಮ್ಮ ಬೈಕಿಗೆ ಬನ್ನಿ. ಬಳೆ ಮುಟ್ಟುವ ಮೊದಲು ಟೈರಿನ ಗಾಳಿ ನೋಡಿ, ಗಾಳಿ ಹೆಚ್ಚಿದ್ದರೂ ಗಡುಸೇ. ಆಮೇಲೆ ಹಿಂಚಕ್ರ ಪೂರ್ತಿ ನೇತಾಡುವ ಹಾಗೆ ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಆಕ್ಸಲ್ಲಿನಿಂದ ನೇರ ಮೇಲಿರುವ ಒಂದು ಗುರುತಿನವರೆಗೆ ಟೇಪು ಹಿಡಿದು ಅಳೆಯಿರಿ. ನಂತರ ಗಾಡಿ ಇಳಿಸಿ, ಹೆಲ್ಮೆಟ್ಟು ಜಾಕೆಟ್ಟು ಹಾಕಿಕೊಂಡು ಕೂತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ಎರಡರ ವ್ಯತ್ಯಾಸವೇ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಗಾಡಿ ಕುಸಿದ ಲೆಕ್ಕ. ಚಕ್ರದ ಒಟ್ಟು ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿದರೆ ಸರಿ. ಓಟ 100 ಮಿ.ಮೀ. ಇದ್ದರೆ 25ರಿಂದ 33 ಮಿ.ಮೀ. ಅದಕ್ಕಿಂತ ಕಡಿಮೆ ಕುಸಿದರೆ ಕೊಕ್ಕೆಯಂಥ ಸ್ಪ್ಯಾನರಿನಿಂದ ಬಳೆಯನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೆ ಅಳೆಯಿರಿ. ಎರಡು ಶಾಕ್ ಇದ್ದರೆ ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಬೇಕು.

ಬಳೆ ಪೂರ್ತಿ ಇಳಿಸಿದರೂ ಕುಸಿಯದಿದ್ದರೆ ಆ ಸ್ಪ್ರಿಂಗೇ ನಿಮಗಿಂತ ಭಾರದವರಿಗೆ ಮಾಡಿದ್ದು, ಬದಲಿಸಬೇಕು. ಸ್ಯಾಗ್ ಸರಿಯಿದ್ದೂ ಹೊಡೆತ ಬಡಿದರೆ ಡ್ಯಾಂಪರ್ ಕಡೆ ನೋಡಿ. ತಿರುಗಿಸುವ ಸ್ಕ್ರೂ ಇದ್ದರೆ ಒಂದೊಂದೇ ಕ್ಲಿಕ್ ಸಡಿಲಿಸಿ, ಎಷ್ಟು ತಿರುಗಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ಹಳೆಯ ಗಾಡಿಯಲ್ಲಿ ಸ್ವಿಂಗ್ ಆರ್ಮಿನ ಬುಷ್ ಒಣಗಿ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತದೆ, ಗ್ರೀಸು ಕಾಣಿಸಿ. ಶಾಕ್ ಅಬ್ಸಾರ್ಬರನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒಳಗೆ ಒತ್ತಡದ ಅನಿಲ ಇರಬಹುದು. ಟ್ರಯಂಫಿನ ಹಬ್ಬು ಕಲಿಸಿದ ಪಾಠ ಅದು. ಎಲ್ಲ ಆದ ಮೇಲೆ ಚೇನಿನ ಸಡಿಲವನ್ನೂ ಹೆಡ್‌ಲೈಟಿನ ದಿಕ್ಕನ್ನೂ ಒಮ್ಮೆ ನೋಡಿಕೊಳ್ಳಿ.

ನಿಮ್ಮದು ಒಂದೇ ಶಾಕ್ ಇರುವ ಬೈಕಾದರೂ ಲೆಕ್ಕ ಇದೇ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಕೊಟ್ಟ ಕಲ್ಪನೆಯನ್ನು ಯಮಾಹಾ ಬೆಳೆಸಿತು, 1973ರಲ್ಲಿ ಹಾಕನ್ ಆಂಡರ್ಸನ್ ಅದರ ಮೇಲೆ 250 ಸಿಸಿ ಮೋಟೋಕ್ರಾಸ್ ವಿಶ್ವ ಪಟ್ಟ ಗೆದ್ದ. ಮೋನೋಶಾಕ್ ಹರಡಿದ್ದು ಆಮೇಲೆ. ಇನ್ನೊಂದು ಕಡೆ ಹಾರ್ಲೆ ಡೇವಿಡ್ಸನ್ 1958ರಲ್ಲಿ ತನ್ನ ದೊಡ್ಡ ಬೈಕಿನ ಹಿಂದುಗಡೆಗೆ ಸ್ಪ್ರಿಂಗು ತಂದು, 1984ರ ಸಾಫ್ಟೇಲಿನಲ್ಲಿ ಅದನ್ನು ಕಣ್ಣಿಗೆ ಕಾಣದ ಹಾಗೆ ಅಡಗಿಸಿತು. ನೋಡಲು ಗಡುಸಾಗಿರಬೇಕು, ಕೂರಲು ಮೆತ್ತಗಿರಬೇಕು ಎಂಬ ಆಸೆ ಇನ್ನೂ ಹೋಗಿಲ್ಲ.

ಕೊನೆಯದಾಗಿ ಒಂದು ಮಾತು. ಸವಾರನ ಭಾರ ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ, ಹಿಂದೆ ಕೂತವರ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂಚಕ್ರದ ಮೇಲೆ. ಅವರಿಗೆ ರಸ್ತೆ ಕಾಣುವುದಿಲ್ಲ, ಬ್ರೇಕು ಅವರ ಕೈಯಲ್ಲಿಲ್ಲ. ಆದ್ದರಿಂದ ತಂಗಿಯನ್ನೋ ಗೆಳತಿಯನ್ನೋ, ಊರಿಗೆ ಹೋದಾಗ ಅಜ್ಜಿಯನ್ನೋ ಕೂರಿಸಿಕೊಳ್ಳುವ ಮೊದಲು ಬಳೆಯನ್ನು ಅವರಿಗೆ ತಕ್ಕಂತೆ ಏರಿಸಿ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ, ಹೇಗಿದೆ ಎಂದು ಕೇಳಿ. ಅವರನ್ನು ಇಳಿಸಿದ ಮೇಲೆ ನಿಮಗಾಗಿ ಮತ್ತೆ ಇಳಿಸಿಕೊಳ್ಳಿ.

ಸ್ಪ್ಯಾನರ್ ಸೀಟಿನ ಕೆಳಗಿನ ಟೂಲ್ ಕಿಟ್ಟಿನಲ್ಲೇ ಇರುತ್ತದೆ. ಇವತ್ತೇ ತೆಗೆದು ನೋಡಿ.